ಮಳೆಗಾಲಕ್ಕೆ ಸೋಲಾರ್ ಪವರ್ ಸ್ಟೇಷನ್: ಮನೆಯ ಯಾವ ಸಾಮಾನು ಎಷ್ಟು ಹೊತ್ತು ಓಡುತ್ತದೆ?

ಉತ್ತರ ಕನ್ನಡದಲ್ಲಿ ವಿದ್ಯುತ್ ತಯಾರಿಕೆಗೆ ಕೊರತೆಯಿಲ್ಲ. ಕಾರವಾರದ ಹತ್ತಿರ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಶರಾವತಿಗೆ ಗೇರುಸೊಪ್ಪದಲ್ಲಿ ಇನ್ನೊಂದಿದೆ. ಆದರೂ ಜೂನ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಒಳಗಿನ ಊರುಗಳಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲಾಗದು. ತೊಂದರೆ ಇರುವುದು ತಯಾರಿಕೆಯಲ್ಲಲ್ಲ, ದಾರಿಯಲ್ಲಿ. ಮೈಲಿಗಟ್ಟಲೆ ಕಾಡಿನ ನಡುವೆ ತಂತಿ ಬರಬೇಕು. ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೆ ಸಾಕು, ಹತ್ತಾರು ಮನೆಗೆ ಕತ್ತಲೆ. ಕರಾವಳಿಯದ್ದೂ ಅದೇ ಕಥೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಪಕ್ಕದಲ್ಲೇ ಹಾದು ಹೋದಾಗ ಕಂಬಗಳೇ ಉರುಳಿದವು.

ಮೊದಲೆಲ್ಲ ಕರೆಂಟು ಹೋದರೆ ಚಿಮಣಿ ದೀಪ ಹಚ್ಚಿಕೊಂಡು ಕೂರಬಹುದಿತ್ತು. ಈಗ ಹಾಗಾಗುವುದಿಲ್ಲ. ಮಗ ಮನೆಯಿಂದಲೇ ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತಿರುತ್ತಾನೆ. ಅಜ್ಜನ ಇನ್ಸುಲಿನ್ ಫ್ರಿಜ್ಜಿನಲ್ಲಿರುತ್ತದೆ. ಅದಕ್ಕೇ ಈಗ ಮನೆಮನೆಯಲ್ಲೂ ಪೋರ್ಟಬಲ್ ಪವರ್ ಸ್ಟೇಷನ್ ಎಂಬ ಪೆಟ್ಟಿಗೆಯ ಮಾತು. ಬಿಸಿಲಿಗೆ ಪ್ಯಾನೆಲ್ ಇಟ್ಟು ಚಾರ್ಜ್ ಮಾಡಿಕೊಳ್ಳಿ, ಮನೆಯ ಸಾಮಾನು ಓಡಿಸಿಕೊಳ್ಳಿ ಎನ್ನುತ್ತದೆ ಜಾಹೀರಾತು.

ಓಡುವುದು ನಿಜ. ಎಷ್ಟು ಹೊತ್ತು ಎನ್ನುವುದು ಪ್ರಶ್ನೆ. ನಮ್ಮ ಜಿಲ್ಲೆಯವರು ಕೇಳಬೇಕಾದ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. ನಮಗೆ ಕರೆಂಟು ಹೋಗುವುದು ಮಳೆಗಾಲದಲ್ಲಿ. ಬಿಸಿಲು ಕಾಣದಿರುವುದೂ ಮಳೆಗಾಲದಲ್ಲೇ. ಹಾಗಿದ್ದರೆ ಸೋಲಾರ್ ಏನು ಉಪಯೋಗಕ್ಕೆ ಬಂತು?

ಉತ್ತರ ಸಿಗಬೇಕಾದರೆ ಸ್ವಲ್ಪ ಲೆಕ್ಕ ಹಾಕಬೇಕು. ಕೂಡಿಸಿ ಗುಣಿಸುವುದು ಬಂದರೆ ಸಾಕು.

ಪೆಟ್ಟಿಗೆಯೊಳಗೆ ಏನಿದೆ?

ಜಾಸ್ತಿ ಜಾಗ ಹಿಡಿಯುವುದು ಬ್ಯಾಟರಿ. ಅದರಲ್ಲಿ ತುಂಬಿರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್. ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟಿನ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್. ಡಿಸಿಯನ್ನು ಎಸಿ ಮಾಡಿ ಕೊಡುವ ಭಾಗಕ್ಕೆ ಇನ್ವರ್ಟರ್ ಎನ್ನುತ್ತಾರೆ. ಇನ್ನು ಪ್ಯಾನೆಲ್ಲಿನಿಂದ ಬರುವ ವಿದ್ಯುತ್ತು ಮೋಡ ಸರಿದಂತೆಲ್ಲ ಏರುತ್ತದೆ, ಇಳಿಯುತ್ತದೆ. ಅದನ್ನು ಬ್ಯಾಟರಿಗೆ ಬೇಕಾದ ಹದಕ್ಕೆ ತರುವುದು ಚಾರ್ಜ್ ಕಂಟ್ರೋಲರ್. ಎಂಪಿಪಿಟಿ ಎಂದು ಬರೆದಿದ್ದರೆ ಅದು ಒಳ್ಳೆಯ ಜಾತಿಯದು. ಪ್ಯಾನೆಲ್ಲಿನಿಂದ ಆ ಕ್ಷಣಕ್ಕೆ ಸಿಗಬಹುದಾದ ಗರಿಷ್ಠ ವಿದ್ಯುತ್ತನ್ನು ಅದು ಹುಡುಕಿ ಎಳೆದುಕೊಳ್ಳುತ್ತದೆ. ಕೊನೆಯದು ಬಿಎಂಎಸ್ ಎಂಬ ಸರ್ಕ್ಯೂಟ್. ಬ್ಯಾಟರಿ ತೀರಾ ಖಾಲಿಯಾಗದಂತೆ, ತೀರಾ ತುಂಬದಂತೆ, ಜಾಸ್ತಿ ಬಿಸಿಯಾಗದಂತೆ ನೋಡಿಕೊಳ್ಳುವುದು ಅದರ ಕೆಲಸ.

ಈ ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿ ಕೂಡಿವೆ, ಅಷ್ಟೇ. ಹೊರಗೆ ಸಾಕೆಟ್ಟು, ಯುಎಸ್‌ಬಿ ಪೋರ್ಟು, ಕಾರಿನಲ್ಲಿರುವಂಥ 12 ವೋಲ್ಟಿನ ಡಿಸಿ ಪೋರ್ಟು ಇರುತ್ತವೆ.

ವ್ಯಾಟ್ ಬೇರೆ, ವ್ಯಾಟ್ ಅವರ್ ಬೇರೆ

ಕೊಳ್ಳುವವರು ಜಾಸ್ತಿ ಎಡವುವುದು ಇಲ್ಲಿ. ಡಬ್ಬಿಯ ಮೇಲೆ ಎರಡು ಸಂಖ್ಯೆ ಇರುತ್ತವೆ. ಒಂದು ವ್ಯಾಟ್, ಇನ್ನೊಂದು ವ್ಯಾಟ್ ಅವರ್. ಜಾಹೀರಾತಿನಲ್ಲಿ ಯಾವುದು ದೊಡ್ಡದೋ ಅದನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ.

ಗುಡ್ಡದ ಅಬ್ಬಿಯಿಂದ ಪೈಪು ಎಳೆದು ಮನೆಯ ಟಾಂಕಿಗೆ ನೀರು ತುಂಬಿಸುವುದು ನಮ್ಮ ಕಡೆ ಗೊತ್ತಿದ್ದದ್ದೇ. ಆ ಟಾಂಕಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ ಎನ್ನುವುದು ವ್ಯಾಟ್ ಅವರ್. ಕೆಳಗಿನ ನಲ್ಲಿಯಿಂದ ಒಂದೇ ಸಲಕ್ಕೆ ಎಷ್ಟು ದಪ್ಪ ಧಾರೆ ಬರಬಹುದು ಎನ್ನುವುದು ವ್ಯಾಟ್. ಗುಡ್ಡದಿಂದ ಇಳಿದು ಬರುವ ಪೈಪು ಸೋಲಾರ್ ಪ್ಯಾನೆಲ್. ನಲ್ಲಿ ಎಷ್ಟೇ ದೊಡ್ಡದಿರಲಿ, ಟಾಂಕಿ ಸಣ್ಣದಾದರೆ ಬೇಗ ಬರಿದಾಗುತ್ತದೆ. ಟಾಂಕಿ ಎಷ್ಟೇ ದೊಡ್ಡದಿರಲಿ, ಮೇಲಿನ ಪೈಪಿನಲ್ಲಿ ಹನಿ ಹನಿ ಬಂದರೆ ತುಂಬುವುದೇ ಇಲ್ಲ. ಮೂರನ್ನೂ ಸೇರಿಸಿ ನೋಡಬೇಕು.

ವ್ಯಾಟ್ ಅವರ್ ನಮಗೆ ಹೊಸದೇನಲ್ಲ. ಕರೆಂಟ್ ಬಿಲ್ಲಿನ 1 ಯೂನಿಟ್ ಎಂದರೆ 1000 ವ್ಯಾಟ್ ಅವರ್. 1000 ವ್ಯಾಟ್ ಅವರಿನ ಪೆಟ್ಟಿಗೆ ಕೊಂಡರೆ ನೀವು ತಂದದ್ದು ಒಂದು ಯೂನಿಟ್ ಹಿಡಿಯುವ ಪಾತ್ರೆ. ತಿಂಗಳಿಗೆ 90 ಯೂನಿಟ್ ಬಳಸುವ ಮನೆಗೆ ದಿನಕ್ಕೆ 3 ಯೂನಿಟ್ ಬೇಕು. ಅಂದ ಮೇಲೆ ಈ ಪೆಟ್ಟಿಗೆ ಇಡೀ ಮನೆಯನ್ನು ದಿನವಿಡೀ ಓಡಿಸುವುದಿಲ್ಲ ಎಂದು ಲೆಕ್ಕವೇ ಹೇಳುತ್ತದೆ, ಅಲ್ವಾ?

ಆ ಒಂದು ಯೂನಿಟ್ಟೂ ಪೂರ್ತಿ ಕೈಗೆ ಸಿಗುವುದಿಲ್ಲ. ಡಿಸಿಯಿಂದ ಎಸಿ ಆಗುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ. 1000ದಲ್ಲಿ ಸುಮಾರು 850 ಸಿಕ್ಕಿತು ಎಂದು ಹಿಡಿಯುವುದು ಒಳ್ಳೆಯದು. ಮೇಲೆ ಇನ್ನೊಂದು ಖರ್ಚಿದೆ. ಎಸಿ ಸಾಕೆಟ್ ಆನ್ ಆಗಿದ್ದರೆ, ಏನೂ ಜೋಡಿಸದಿದ್ದರೂ ಇನ್ವರ್ಟರ್ ತನ್ನ ಪಾಡಿಗೆ 10 ವ್ಯಾಟ್ ಅಥವಾ ಅದಕ್ಕೂ ಜಾಸ್ತಿ ಎಳೆಯುತ್ತಿರುತ್ತದೆ. ರಾತ್ರಿ ಹತ್ತು ಗಂಟೆ ಸುಮ್ನೆ ಆನ್ ಬಿಟ್ಟರೆ 100 ವ್ಯಾಟ್ ಅವರ್ ಹೋಯಿತು.

ಒಂದು ರಾತ್ರಿಯ ಲೆಕ್ಕ

ಸಂಜೆ ಏಳಕ್ಕೆ ಕರೆಂಟು ಹೋಯಿತು, ಬೆಳಗಿನವರೆಗೆ ಬರಲಿಲ್ಲ ಎಂದುಕೊಳ್ಳೋಣ. 9 ವ್ಯಾಟಿನ ನಾಲ್ಕು ಎಲ್ಇಡಿ ಬಲ್ಬು ಐದು ಗಂಟೆ ಉರಿದರೆ 180 ವ್ಯಾಟ್ ಅವರ್. 10 ವ್ಯಾಟಿನ ವೈಫೈ ರೂಟರ್ ಹತ್ತು ಗಂಟೆಗೆ 100. ಲ್ಯಾಪ್‌ಟಾಪ್ 50 ವ್ಯಾಟಿನಂತೆ ಮೂರು ಗಂಟೆಗೆ 150. ಎರಡು ಮೊಬೈಲಿಗೆ 30. ಮಲಗುವ ಕೋಣೆಯಲ್ಲಿ ಒಂದು ಬಿಎಲ್‌ಡಿಸಿ ಫ್ಯಾನು, ಅಂದರೆ ಕಡಿಮೆ ವಿದ್ಯುತ್ ತಿನ್ನುವ ಹೊಸ ಮಾದರಿಯದು, 30 ವ್ಯಾಟಿನದು, ಎಂಟು ಗಂಟೆಗೆ 240. ಒಟ್ಟು 700. ಇನ್ವರ್ಟರಿನ ಸ್ವಂತ ಖರ್ಚು 100 ಸೇರಿಸಿದರೆ 800. ನಮ್ಮ 850ರ ಒಳಗೆ ಬಂತು. ರಾತ್ರಿ ಕಳೆಯಿತು.

ಈಗ ಆ ಫ್ಯಾನನ್ನು ಮಾತ್ರ ಬದಲಾಯಿಸಿ ನೋಡಿ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಎಂಟು ಗಂಟೆಗೆ 600. ಒಟ್ಟು 1160 ಆಯಿತು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಆರಿಹೋಗುತ್ತದೆ. ದೊಡ್ಡ ಪವರ್ ಸ್ಟೇಷನ್ ಕೊಳ್ಳಲು ಹೊರಡುವ ಮೊದಲು ಮನೆಯ ಎರಡು ಫ್ಯಾನು ಬದಲಾಯಿಸುವುದು ಎಷ್ಟೋ ಅಗ್ಗದ ದಾರಿ. ಇದನ್ನು ಮಾರುವವರು ಹೇಳುವುದು ಕಡಿಮೆ.

ಇನ್ನೊಂದು ಉಳಿತಾಯವೂ ಇದೆ. ಹೆಚ್ಚಿನ ರೂಟರುಗಳು 12 ವೋಲ್ಟ್ ಡಿಸಿಯಲ್ಲೇ ಓಡುವುದು. ಅಡಾಪ್ಟರಿನ ಮೇಲೆ ಬರೆದಿರುತ್ತದೆ, ನೋಡಿ. ಸರಿಯಾದ ಕೇಬಲ್ ಸಿಕ್ಕಿದರೆ ಪೆಟ್ಟಿಗೆಯ 12 ವೋಲ್ಟ್ ಪೋರ್ಟಿಗೇ ನೇರ ಜೋಡಿಸಬಹುದು. ಮೊಬೈಲನ್ನು ಯುಎಸ್‌ಬಿಗೆ ಹಾಕಬಹುದು. ಆಗ ಎಸಿ ಸಾಕೆಟ್ ಆಫ್ ಮಾಡಿಟ್ಟರೆ ಇನ್ವರ್ಟರಿನ ಖರ್ಚೇ ಇಲ್ಲ.

ಫ್ರಿಜ್ ಓಡುತ್ತದೆಯೇ?

ಕುಮಟಾ, ಅಂಕೋಲಾ, ಕಾರವಾರದ ಕಡೆ ಫ್ರಿಜ್ಜಿನಲ್ಲಿ ಮೀನಿರುತ್ತದೆ. ಘಟ್ಟದ ಮೇಲೆ ಹಾಲು ಮೊಸರು. ಹಾಗಾಗಿ ಈ ಪ್ರಶ್ನೆ ಎಲ್ಲರದ್ದೂ.

ಫ್ರಿಜ್ಜಿನ ಖರ್ಚು ತಿಳಿಯಲು ಸುಲಭದ ದಾರಿಯಿದೆ. ಬಾಗಿಲ ಮೇಲಿನ ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿ. 200 ಯೂನಿಟ್ ಎಂದಿದ್ದರೆ ದಿನಕ್ಕೆ ಸುಮಾರು 550 ವ್ಯಾಟ್ ಅವರ್. ಫ್ರಿಜ್ಜಿನ ಕಂಪ್ರೆಸರ್ ದಿನವಿಡೀ ಓಡುವುದಿಲ್ಲ, ತಣ್ಣಗಾದಾಗ ನಿಲ್ಲುತ್ತದೆ. ಆದರೆ ಮತ್ತೆ ಯಾವಾಗ ಶುರುವಾಗುತ್ತದೋ ಗೊತ್ತಿಲ್ಲದ ಕಾರಣ ಪೆಟ್ಟಿಗೆಯ ಎಸಿ ಸಾಕೆಟ್ಟನ್ನು ಆನ್ ಇಟ್ಟಿರಲೇಬೇಕು. ಅದರ ಖರ್ಚು 24 ಗಂಟೆಗೆ 240. ಎರಡೂ ಸೇರಿ 790 ಆಯಿತು. ಒಂದು ಯೂನಿಟ್ಟಿನ ಪೆಟ್ಟಿಗೆ ಬರೀ ಫ್ರಿಜ್ಜನ್ನು ಒಂದು ದಿನ ನಡೆಸುತ್ತದೆ. ಬೇರೆ ಏನಕ್ಕೂ ಉಳಿಯುವುದಿಲ್ಲ.

ಆದರೆ ಫ್ರಿಜ್ಜಿಗೆ ದಿನವಿಡೀ ಕರೆಂಟು ಕೊಡುವ ಅಗತ್ಯವಿಲ್ಲ. ಬಾಗಿಲು ಮುಚ್ಚಿಯೇ ಇಟ್ಟರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಹಾಗಾಗಿ ಕರೆಂಟು ಹೋದ ಕೂಡಲೇ ಫ್ರಿಜ್ಜನ್ನು ಪೆಟ್ಟಿಗೆಗೆ ಜೋಡಿಸಬೇಡಿ. ಎರಡು ಮೂರು ಗಂಟೆ ಬಿಟ್ಟು ಒಂದು ಗಂಟೆ ಓಡಿಸಿ, ಮತ್ತೆ ಬಿಡಿ. ಫ್ರೀಜರಿನ ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಹೆಪ್ಪುಗಟ್ಟಿಸಿಟ್ಟರೆ ತಂಪು ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಬಾಟಲಿಯನ್ನು ಕುತ್ತಿಗೆವರೆಗೆ ತುಂಬಬೇಡಿ, ನೀರು ಮಂಜಾದಾಗ ಹಿಗ್ಗುತ್ತದೆ. ಇನ್ನೂ ಬಳಸಲು ಶುರು ಮಾಡದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು. ಅದಕ್ಕಾಗಿ ಫ್ರಿಜ್ಜಿನೊಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟರೆ ಯಾವಾಗ ಓಡಿಸಬೇಕು ಎನ್ನುವುದು ಅದನ್ನು ನೋಡಿಯೇ ತಿಳಿಯುತ್ತದೆ. ಇನ್ಸುಲಿನ್ ಫ್ರೀಜರಿಗೆ ಮಾತ್ರ ತಾಗಬಾರದು. ಹೆಪ್ಪುಗಟ್ಟಿದರೆ ಕೆಟ್ಟಿತು.

ಮೋಟಾರಿನ ಮೊದಲ ಎಳೆತ

ಮೋಟಾರ್ ಇರುವ ಹೆಚ್ಚಿನ ಸಾಮಾನು ತಿರುಗಲು ಶುರು ಮಾಡುವ ಕ್ಷಣದಲ್ಲಿ ತನ್ನ ಮಾಮೂಲಿ ವ್ಯಾಟಿನ ಮೂರು ಪಟ್ಟು, ಐದು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಎಳೆಯುತ್ತದೆ. ನಿಂತದ್ದನ್ನು ತಿರುಗಿಸಲು ಅಷ್ಟು ಬಲ ಬೇಕು. ಗೋಡೆಯ ಸಾಕೆಟ್ಟಿನಲ್ಲಿ ಇದು ನಮಗೆ ಗೊತ್ತೇ ಆಗುವುದಿಲ್ಲ. ಬಲ್ಬು ಒಂದು ಸಲ ಮಿಣುಕ್ ಎನ್ನುತ್ತದೆ, ಅಷ್ಟೇ. ಪವರ್ ಸ್ಟೇಷನ್ನಿಗೆ ಮಾತ್ರ ಮಿತಿ ಇದೆ. ಅದು ಮೀರಿದರೆ ಟಕ್ ಎಂದು ಆಫ್ ಆಗುತ್ತದೆ. ಓಡುವಾಗ 120 ವ್ಯಾಟ್ ತಿನ್ನುವ ಫ್ರಿಜ್ಜು 300 ವ್ಯಾಟಿನ ಪೆಟ್ಟಿಗೆಯಲ್ಲಿ ಶುರುವಾಗದೇ ಇರುವುದಕ್ಕೆ ಕಾರಣ ಇದೇ. ಡಬ್ಬಿಯ ಮೇಲೆ ಸರ್ಜ್ ಅಥವಾ ಪೀಕ್ ಎಂದು ಬರೆದಿರುವ ಸಂಖ್ಯೆ ಈ ಕ್ಷಣದ ತಾಕತ್ತು.

ಅರ್ಧ ಎಚ್‌ಪಿಯ ಬಾವಿ ಪಂಪು ಲೆಕ್ಕಕ್ಕೆ 373 ವ್ಯಾಟಿನದು. ಎಳೆಯುವುದು 500ರಿಂದ 600. ಶುರುವಾಗುವಾಗ 2000 ದಾಟಬಹುದು. 1000 ವ್ಯಾಟಿನ ಪೆಟ್ಟಿಗೆಯಲ್ಲಿ ಅದು ಎದ್ದರೂ ಏಳಬಹುದು, ಏಳದೆಯೂ ಇರಬಹುದು. ಕೊಳ್ಳುವ ಮೊದಲು ನಿಮ್ಮದೇ ಪಂಪಿಗೆ ಹಾಕಿ ತೋರಿಸಲು ಕೇಳಿ. ಎದ್ದರೆ ಖರ್ಚು ದೊಡ್ಡದೇನಲ್ಲ. ಹದಿನೈದು ನಿಮಿಷ ಓಡಿಸಿ ಟಾಂಕಿ ತುಂಬಿಸಿಕೊಂಡರೆ 150 ವ್ಯಾಟ್ ಅವರ್. ತೋಟದ ತ್ರೀ ಫೇಸ್ ಪಂಪಿನ ಆಸೆ ಬಿಡಬೇಕು. ಈ ಪೆಟ್ಟಿಗೆಗಳಿಂದ ಬರುವುದು ಸಿಂಗಲ್ ಫೇಸ್.

ಮಿಕ್ಸಿಯನ್ನು ನೋಡಿ ಹೆದರಬೇಕಿಲ್ಲ. 500 ವ್ಯಾಟ್ ಎಂದು ಬರೆದಿದ್ದರೂ ಚಟ್ನಿಗೆ ಐದು ನಿಮಿಷ ಸಾಕಲ್ಲ? 42 ವ್ಯಾಟ್ ಅವರ್. 150 ವ್ಯಾಟಿನ ಗ್ರೈಂಡರಿನಲ್ಲಿ ಅರ್ಧ ಗಂಟೆ ದೋಸೆ ಹಿಟ್ಟು ರುಬ್ಬಿದರೆ 75. ಇವೆಲ್ಲ ಪೆಟ್ಟಿಗೆಗೆ ಭಾರವಲ್ಲ.

ಮೋಟಾರಿನ ಸಾಮಾನು ಓಡಿಸುವ ಆಲೋಚನೆ ಇದ್ದರೆ ಪ್ಯೂರ್ ಸೈನ್ ವೇವ್ ಎಂದು ಬರೆದಿರುವ ಪೆಟ್ಟಿಗೆಯನ್ನೇ ಕೊಳ್ಳಿ. ಅಗ್ಗದ ಕೆಲವು ಇನ್ವರ್ಟರುಗಳು ಒರಟು ಅಲೆಯ ಎಸಿ ಕೊಡುತ್ತವೆ. ಅದರಲ್ಲಿ ಫ್ಯಾನು ಗುಂಯ್ ಎನ್ನುತ್ತದೆ, ಪಂಪು ಬಿಸಿಯಾಗುತ್ತದೆ.

ನೀರು ಕಾಯಿಸುವ ಕೆಲಸ ಬಚ್ಚಲ ಒಲೆಗೇ ಇರಲಿ

ಶಾಖ ಕೊಡುವ ಸಾಮಾನುಗಳೇ ನಿಜವಾದ ಹೊಟ್ಟೆಬಾಕಗಳು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 24 ಡಿಗ್ರಿಯಿಂದ 40 ಡಿಗ್ರಿಗೆ ತರಲು ಸುಮಾರು 370 ವ್ಯಾಟ್ ಅವರ್ ಬೇಕು. ಗೀಸರ್ ಎಷ್ಟೇ ಒಳ್ಳೆಯದಿರಲಿ, ನೀರಿಗೆ ಬೇಕಾದ ಶಾಖ ಅಷ್ಟೇ. ಇನ್ವರ್ಟರಿನ ನಷ್ಟ ಸೇರಿಸಿದರೆ ಒಬ್ಬರ ಸ್ನಾನಕ್ಕೆ ಪೆಟ್ಟಿಗೆಯ ಅರ್ಧಕ್ಕೆ ಹತ್ತಿರ. ಗೀಸರಿನ 2000 ವ್ಯಾಟ್ ತಡೆದುಕೊಳ್ಳುವ ಪೆಟ್ಟಿಗೆ ಇದ್ದರೂ ಇದು ಸುಮ್ನೆ ಹಾಳು. ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಮಡಲು ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆಯವರು ಈ ವಿಚಾರದಲ್ಲಿ ಚಿಂತೆ ಮಾಡಬೇಕಿಲ್ಲ. ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆಗಳೂ ಇದೇ ಗುಂಪಿನವು.

ವಿದ್ಯುತ್ ಕೆಟಲ್ ಸ್ವಲ್ಪ ಬೇರೆ. ಅದಕ್ಕೆ 1500 ವ್ಯಾಟ್ ಬೇಕು, ಹಾಗಾಗಿ 1000 ವ್ಯಾಟಿನ ಪೆಟ್ಟಿಗೆಯಲ್ಲಿ ಓಡುವುದೇ ಇಲ್ಲ. ಆದರೆ ಓಡಿಸುವಷ್ಟು ದೊಡ್ಡ ಪೆಟ್ಟಿಗೆ ಇದ್ದರೆ ಒಂದು ಲೀಟರ್ ನೀರು ಕುದಿಯಲು ಹಿಡಿಯುವುದು ಸುಮಾರು 100 ವ್ಯಾಟ್ ಅವರ್ ಮಾತ್ರ. ಧಾರೆ ದಪ್ಪ, ನೀರು ಕಡಿಮೆ.

ಜನವರಿಯ ಬಿಸಿಲು, ಜುಲೈನ ಮೋಡ

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ.

200 ವ್ಯಾಟಿನ ಪ್ಯಾನೆಲ್ ಎಂದರೆ ಅದು ದಿನವಿಡೀ 200 ವ್ಯಾಟ್ ಕೊಡುತ್ತದೆ ಎಂದಲ್ಲ. ಪ್ರಖರ ಬಿಸಿಲು ನೇರವಾಗಿ ಬಿದ್ದು, ಪ್ಯಾನೆಲ್ಲಿನ ಬಿಸಿ 25 ಡಿಗ್ರಿ ಇದ್ದಾಗ ಕೊಡುವ ಲೆಕ್ಕ ಅದು. ನಮ್ಮಲ್ಲಿ ನಡುಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. 25 ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಕಡಿತ. ಅಲ್ಲಿಗೇ ಹತ್ತರಲ್ಲಿ ಒಂದು ಪಾಲು ಹೋಯಿತು. ಬೆಳಿಗ್ಗೆ ಸಂಜೆಯ ಓರೆ ಬಿಸಿಲನ್ನೂ ಸೇರಿಸಿ ಲೆಕ್ಕ ಹಾಕಿದರೆ, ಜನವರಿಯ ತಿಳಿ ಆಕಾಶದ ಒಂದು ದಿನ ಸುಮಾರು ಐದೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮ. ನಷ್ಟ ಕಳೆದು 200 ವ್ಯಾಟಿನ ಪ್ಯಾನೆಲ್ಲಿನಿಂದ 800 ವ್ಯಾಟ್ ಅವರ್ ಬರಬಹುದು. ಪೆಟ್ಟಿಗೆ ಒಂದೇ ದಿನದಲ್ಲಿ ಹೆಚ್ಚುಕಡಿಮೆ ತುಂಬುತ್ತದೆ. ಜಾಹೀರಾತಿನ ಚಿತ್ರ ತೆಗೆದಿರುವುದು ಇಂಥ ದಿನದಲ್ಲಿ.

ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಟ್ಟ ಮೋಡ ಮುಚ್ಚಿ ಸುರಿಯುವ ದಿನ ಅದೇ ಪ್ಯಾನೆಲ್ 100ರಿಂದ 200 ವ್ಯಾಟ್ ಅವರ್ ಕೊಟ್ಟರೆ ಹೆಚ್ಚು. ಅಬ್ಬಿ ನೀರು ಉಕ್ಕಿ ಹರಿಯುವ ತಿಂಗಳಲ್ಲೇ ಈ ಸೋಲಾರ್ ಪೈಪು ಬತ್ತುತ್ತದೆ.

ಹಾಗೆಂದು ಸೋಲಾರ್ ದಂಡವಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ತುಂಬಿಸುವ ಮುಖ್ಯ ಮೂಲ ಗೋಡೆಯ ಸಾಕೆಟ್ಟೇ ಎಂದು ತಿಳಿಯಬೇಕು. ಸೋಲಾರ್ ಅದಕ್ಕೆ ಒತ್ತಾಸೆ. ಬಹಳ ಊರುಗಳಲ್ಲಿ ಕರೆಂಟು ಪೂರ್ತಿ ಹೋಗುವುದಿಲ್ಲ, ಹೋಗಿ ಬಂದು ಮಾಡುತ್ತದೆ. ಬಂದ ಎರಡು ಗಂಟೆಯಲ್ಲಿ ಪೆಟ್ಟಿಗೆ ತುಂಬಿಬಿಟ್ಟರೆ ಮುಂದಿನ ಕತ್ತಲೆಗೆ ಸಿದ್ಧ. ಆದ್ದರಿಂದ ಗೋಡೆಯ ಕರೆಂಟಿನಿಂದ ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು ಎನ್ನುವುದು ನಮ್ಮ ಜಿಲ್ಲೆಯಲ್ಲಿ ಪ್ಯಾನೆಲ್ಲಿನ ವ್ಯಾಟಿಗಿಂತ ಮುಖ್ಯ. ಕೆಲವು ಒಂದರಿಂದ ಎರಡು ಗಂಟೆಯಲ್ಲಿ ತುಂಬುತ್ತವೆ. ಕೆಲವಕ್ಕೆ ಆರೇಳು ಗಂಟೆ ಬೇಕು. ವೋಲ್ಟೇಜ್ ಕಡಿಮೆ ಬರುವ ಊರಾದರೆ ಚಾರ್ಜಿಂಗ್ ವೇಗ ಇಳಿಸುವ ಅನುಕೂಲ ಇದೆಯೇ ಎಂದೂ ನೋಡಿ.

ಮೂರು ದಿನ ಕರೆಂಟೇ ಬರಲಿಲ್ಲ ಎಂದರೆ? ಆಗ ಸೋಲಾರ್ ಬೆಲೆ ತಿಳಿಯುತ್ತದೆ. ಒಂದರ ಬದಲು ಎರಡು, ಅಂದರೆ 400 ವ್ಯಾಟಿನಷ್ಟು ಪ್ಯಾನೆಲ್ ಇದ್ದರೆ ದಟ್ಟ ಮೋಡದಲ್ಲೂ ದಿನಕ್ಕೆ 200ರಿಂದ 400 ವ್ಯಾಟ್ ಅವರ್ ಬರುತ್ತದೆ. ನಾಲ್ಕು ಬಲ್ಬು, ರೂಟರ್, ಎರಡು ಮೊಬೈಲು, ಇಷ್ಟಕ್ಕೆ ಬೇಕಾದದ್ದು 310. ಫ್ಯಾನು, ಲ್ಯಾಪ್‌ಟಾಪ್ ಬಿಟ್ಟು ಇಷ್ಟಕ್ಕೆ ನಿಂತರೆ ಪೆಟ್ಟಿಗೆ ದಿನಗಟ್ಟಲೆ ಎಳೆಯುತ್ತದೆ. ಮಳೆಗಾಲದಲ್ಲೂ ನಡುವೆ ಒಂದೊಂದು ಹೊಳವಿನ ದಿನ ಬರುತ್ತದೆ. ಅಂಥ ದಿನ ಎರಡು ಪ್ಯಾನೆಲ್ ಇದ್ದವರ ಪೆಟ್ಟಿಗೆ ಮಧ್ಯಾಹ್ನದೊಳಗೇ ತುಂಬಿರುತ್ತದೆ.

ಪ್ಯಾನೆಲ್ ಎಲ್ಲಿ ಇಡಬೇಕು?

ತೋಟದ ನಡುವಿನ ಮನೆಯವರಿಗೆ ಇದು ಸುಲಭವಲ್ಲ. ಪ್ಯಾನೆಲ್ಲಿನ ಒಳಗೆ ಸೆಲ್‌ಗಳು ಒಂದಕ್ಕೊಂದು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಒಂದು ಅಡಿಕೆ ಮರದ ನೆರಳು ಅಡ್ಡ ಬಿದ್ದರೂ ಸಾಲಿನ ಹರಿವು ಕುಗ್ಗುತ್ತದೆ. ಮೂಲೆಯಲ್ಲಿ ಸ್ವಲ್ಪವೇ ನೆರಳು ಎಂದು ಬಿಡಬಾರದು. ಸ್ವಲ್ಪ ನೆರಳಿಗೆ ಅರ್ಧ ವಿದ್ಯುತ್ ಹೋಗಬಹುದು. ಅಡಿಕೆ ಒಣಗಿಸುವ ಅಂಗಳಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಬಿಸಿಲು ಎಲ್ಲಿ ಜಾಸ್ತಿ ಹೊತ್ತು ಬೀಳುತ್ತದೆ ಎಂದು ನೋಡಿಯೇ ಹಿರಿಯರು ಅಂಗಳ ಮಾಡಿರುತ್ತಾರೆ. ಆದರೆ ಅಡಿಕೆಗೆಂದು ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯ ಚಪ್ಪರದೊಳಗೆ ಪ್ಯಾನೆಲ್ ಇಡಬೇಡಿ. ಹೊದಿಕೆ ಬೆಳಕನ್ನು ತಡೆಯುತ್ತದೆ, ಒಳಗಿನ ಕಾವು ಪ್ಯಾನೆಲ್ಲನ್ನು ಇನ್ನೂ ಬಿಸಿ ಮಾಡುತ್ತದೆ. ಎರಡೂ ಕಡೆ ನಷ್ಟ.

ನಮ್ಮ ಜಿಲ್ಲೆ ಸಮಭಾಜಕ ವೃತ್ತದಿಂದ ಸುಮಾರು 15 ಡಿಗ್ರಿ ಉತ್ತರಕ್ಕಿದೆ. ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿಟ್ಟರೆ ವರ್ಷದ ಲೆಕ್ಕಕ್ಕೆ ಸರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಓರೆ ಸ್ವಲ್ಪ ಜಾಸ್ತಿ ಮಾಡಬಹುದು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಪ್ಯಾನೆಲ್ಲನ್ನು ಬಹುತೇಕ ಮಲಗಿಸಿ, ನೀರು ಜಾರುವಷ್ಟು ಓರೆ ಬಿಟ್ಟರೆ ಸಾಕು. ಮೋಡದ ಬೆಳಕು ಇಡೀ ಆಕಾಶದಿಂದ ಬರುವುದರಿಂದ ಮಲಗಿಸಿದ ಪ್ಯಾನೆಲ್ಲಿಗೆ ಅದು ಜಾಸ್ತಿ ಸಿಗುತ್ತದೆ.

ಪ್ಯಾನೆಲ್ ಮಳೆಯಲ್ಲಿ ನೆನೆಯಬಹುದು, ಪೆಟ್ಟಿಗೆ ನೆನೆಯಬಾರದು. ಪೆಟ್ಟಿಗೆ ಜಗಲಿಯ ಒಳಗಿರಲಿ, ಉದ್ದದ ಕೇಬಲ್ ಹೊರಗೆ ಹೋಗಲಿ. ಗುಡುಗು ಸಿಡಿಲು ಶುರುವಾದರೆ ಕೇಬಲ್ ಬಿಚ್ಚಿಬಿಡಿ. ಕಡಲ ತೀರದ ಮನೆಯವರು ಆಗಾಗ ಸಿಹಿನೀರಿನಿಂದ ಪ್ಯಾನೆಲ್ ಒರೆಸಬೇಕು, ಜೋಡಣೆಯ ತುದಿಗಳಲ್ಲಿ ತುಕ್ಕು ಬಂದಿದೆಯೇ ನೋಡುತ್ತಿರಬೇಕು. ಉಪ್ಪಿನ ಗಾಳಿ ತಾಮ್ರವನ್ನೂ ಬಿಡುವುದಿಲ್ಲ.

ಬೇರೆ ಪ್ಯಾನೆಲ್ ಜೋಡಿಸುವ ಮುನ್ನ

ಮನೆಯಲ್ಲಿ ಮೊದಲೇ ಇರುವ ಪ್ಯಾನೆಲ್ಲನ್ನು ಹೊಸ ಪೆಟ್ಟಿಗೆಗೆ ಜೋಡಿಸುವ ಆಸೆ ಸಹಜ. ಇಲ್ಲಿ ವೋಲ್ಟೇಜ್ ನೋಡದಿದ್ದರೆ ಪೆಟ್ಟಿಗೆ ಸುಟ್ಟುಹೋಗಬಹುದು. ಪ್ಯಾನೆಲ್ಲಿನ ಬೆನ್ನ ಮೇಲೆ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಏನೂ ಜೋಡಿಸದಿದ್ದಾಗ ಇರುವ ವೋಲ್ಟೇಜ್ ಎಷ್ಟು ಎಂದು ಬರೆದಿರುತ್ತದೆ. ಪೆಟ್ಟಿಗೆಯ ಸೋಲಾರ್ ಇನ್‌ಪುಟ್ಟಿಗೂ ಗರಿಷ್ಠ ವೋಲ್ಟೇಜ್ ಇರುತ್ತದೆ. ಉದಾಹರಣೆಗೆ 60 ವೋಲ್ಟ್ ಎಂದುಕೊಳ್ಳಿ. ಮೇಲ್ಛಾವಣಿಗೆ ಹಾಕುವ ದೊಡ್ಡ ಪ್ಯಾನೆಲ್ ಒಂದರದ್ದೇ 50 ವೋಲ್ಟಿಗೆ ಹತ್ತಿರ. ಅಂಥ ಎರಡನ್ನು ಸೀರೀಸಿನಲ್ಲಿ, ಅಂದರೆ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿದರೆ 100 ಆಗುತ್ತದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸುವ ಪ್ಯಾರಲಲ್‌ನಲ್ಲಿ ವೋಲ್ಟೇಜ್ ಅಷ್ಟೇ ಉಳಿದು ಆಂಪಿಯರ್ ಮಾತ್ರ ಕೂಡುತ್ತದೆ. ಚಳಿಯಲ್ಲಿ ವೋಲ್ಟೇಜ್ ಬರೆದದ್ದಕ್ಕಿಂತ ಏರುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನ ಲೆಕ್ಕವನ್ನೂ ಇಟ್ಟುಕೊಂಡು ಗರಿಷ್ಠಕ್ಕಿಂತ ಸಾಕಷ್ಟು ಕೆಳಗೆ ಇರಿ.

ಮನೆಯ ವೈರಿಂಗಿಗೆ ಹೀಗೆ ಮಾತ್ರ ಜೋಡಿಸಬೇಡಿ

ಎರಡೂ ತುದಿಗೆ ಪ್ಲಗ್ ಹಾಕಿದ ವೈರು ಮಾಡಿ, ಒಂದನ್ನು ಪವರ್ ಸ್ಟೇಷನ್ನಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿದರೆ ಇಡೀ ಮನೆಗೆ ದೀಪ ಬರುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಬೇಡ. ಮೇನ್ ಸ್ವಿಚ್ ಆನ್ ಇದ್ದರೆ ಆ ವಿದ್ಯುತ್ತು ಮನೆಯಿಂದ ಹೊರಗಿನ ತಂತಿಗೂ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಹಿಮ್ಮುಖವಾಗಿ ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಮಳೆಯಲ್ಲಿ ಕಂಬ ಹತ್ತಿ ತಂತಿ ಸರಿ ಮಾಡುತ್ತಿರುವ ಲೈನ್‌ಮನ್ನಿನ ಜೀವಕ್ಕೆ ಅದು ಕುತ್ತು. ಕರೆಂಟು ವಾಪಸ್ ಬಂದ ಕ್ಷಣ ನಿಮ್ಮ ಪೆಟ್ಟಿಗೆಯೂ ಸುಟ್ಟುಹೋಗಬಹುದು. ವೈರಿನ ಇನ್ನೊಂದು ತುದಿಯ ಪಿನ್ನು ಮಕ್ಕಳ ಕೈಗೆ ತಾಗಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಸಾಮಾನುಗಳನ್ನು ಪೆಟ್ಟಿಗೆಯ ಸಾಕೆಟ್ಟಿಗೇ ನೇರವಾಗಿ ಹಾಕಿ. ಬೇಕಾದರೆ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಬಳಸಿ. ಕೋಣೆಯ ದೀಪಗಳೇ ಉರಿಯಬೇಕು ಎಂದಾದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದು ಒಂದು ಸಲಕ್ಕೆ ಒಂದೇ ಕಡೆಯ ವಿದ್ಯುತ್ತನ್ನು ಒಳಗೆ ಬಿಡುತ್ತದೆ.

ಇನ್ವರ್ಟರ್ ಇದ್ದವರಿಗೆ, ಮೇಲ್ಛಾವಣಿ ಸೋಲಾರ್ ಇದ್ದವರಿಗೆ

ಮನೆಯ ಇನ್ವರ್ಟರಿಗೆ 150 ಆಂಪಿಯರ್ ಅವರಿನ, 12 ವೋಲ್ಟಿನ ಟ್ಯೂಬುಲರ್ ಎಂಬ ಸೀಸದ ಬ್ಯಾಟರಿ ಇದ್ದರೆ ಅದರಲ್ಲಿ 12ರಿಂದ ಗುಣಿಸಿ 1800 ವ್ಯಾಟ್ ಅವರ್ ಇದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಆಯಸ್ಸು ಬೇಗ ತೀರುತ್ತದೆ, ಹಾಗಾಗಿ ಧಾರಾಳವಾಗಿ ಬಳಸಬಹುದಾದದ್ದು 900. ಅದು ಒಂದು ಯೂನಿಟ್ಟಿನ ಪೆಟ್ಟಿಗೆಗೆ ಸರಿಸಮ. ಚೆನ್ನಾಗಿ ನಡೆಯುತ್ತಿದ್ದರೆ ಬದಲಾಯಿಸುವ ಅವಸರ ಬೇಡ. ಬಾಡಿಗೆ ಮನೆಯವರಿಗೆ, ಹೋಂಸ್ಟೇ ನಡೆಸುವವರಿಗೆ, ಪೇಟೆಗೂ ಊರಿಗೂ ಓಡಾಡುವವರಿಗೆ ಹೊತ್ತುಕೊಂಡು ಹೋಗುವ ಪೆಟ್ಟಿಗೆ ಹೆಚ್ಚು ಅನುಕೂಲ.

ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಶುರುವಾಯಿತು. ಅದರ ಸಹಾಯಧನ, ಗರಿಷ್ಠ 78,000 ರೂಪಾಯಿ, ಗ್ರಿಡ್ಡಿಗೆ, ಅಂದರೆ ಹೊರಗಿನ ಕರೆಂಟಿನ ಲೈನಿಗೆ ಜೋಡಿಸುವ ಮೇಲ್ಛಾವಣಿ ಸೋಲಾರಿಗೆ. ಈ ಪೆಟ್ಟಿಗೆಗಳಿಗೆ ಅಲ್ಲ. ಹಾಗೆಯೇ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಇರುವ ಮನೆಯಲ್ಲೂ ಕರೆಂಟು ಹೋದರೆ ಕತ್ತಲೆಯೇ. ಲೈನ್‌ಮನ್ನಿನ ರಕ್ಷಣೆಗಾಗಿ ಅದು ತಾನಾಗಿಯೇ ಆಫ್ ಆಗುವಂತೆ ಮಾಡಿರುತ್ತಾರೆ.

ಕರೆಂಟ್ ಬಿಲ್ ಉಳಿಸಲೆಂದು ಪವರ್ ಸ್ಟೇಷನ್ ಕೊಳ್ಳುವುದರಲ್ಲಿ ಅರ್ಥವಿಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗೆ, ತಮ್ಮ ಸರಾಸರಿಯ ಮಿತಿಯಲ್ಲಿ ಬಳಸುವ ಮನೆಗಳಿಗೆ ಬಿಲ್ಲೇ ಇಲ್ಲ. ಈ ಪೆಟ್ಟಿಗೆಗೆ ಕೊಡುವ ಹಣ ಕತ್ತಲೆಯ ಗಂಟೆಗಳಿಗೆ ಮಾತ್ರ.

ಅಂಗಡಿಯಲ್ಲಿ ಏನು ಕೇಳಬೇಕು?

ಮೊದಲು ವ್ಯಾಟ್ ಅವರ್ ಕೇಳಿ. ಕೆಲವು ಸಣ್ಣ ಪೆಟ್ಟಿಗೆಗಳ ಮೇಲೆ 40,000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಎಂದು ದೊಡ್ಡದಾಗಿ ಬರೆದಿರುತ್ತದೆ. ಅದನ್ನು 1000ದಿಂದ ಭಾಗಿಸಿ, ಒಳಗಿನ ಸೆಲ್ಲಿನ ವೋಲ್ಟೇಜ್ ಆದ 3.7ರಿಂದ ಗುಣಿಸಿ. 148 ವ್ಯಾಟ್ ಅವರ್, ಅಷ್ಟೇ. ಆಮೇಲೆ ಬ್ಯಾಟರಿಯ ಜಾತಿ ಕೇಳಿ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಸ್ವಲ್ಪ ಭಾರ, ಆದರೆ ಬಿಸಿಗೆ ಹೆಚ್ಚು ತಡೆಯುತ್ತದೆ. ಸುಮಾರು 3000 ಸಲ ತುಂಬಿ ಬರಿದು ಮಾಡಿದ ಮೇಲೂ ಹತ್ತರಲ್ಲಿ ಎಂಟು ಪಾಲು ಸಾಮರ್ಥ್ಯ ಉಳಿಯುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಬೇರೆ ಜಾತಿಯ ಲಿಥಿಯಂ ಬ್ಯಾಟರಿಗಳಿಗೆ ಅಷ್ಟು ಬಾಳಿಕೆ ಇಲ್ಲ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇದೆಯೇ ನೋಡಿ. ವಿದೇಶದಲ್ಲಿರುವ ನೆಂಟರು ತಂದುಕೊಡುತ್ತೇನೆ ಎಂದರೆ 230 ವೋಲ್ಟಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಅಮೆರಿಕದ ಪೆಟ್ಟಿಗೆಗಳಿಂದ ಬರುವುದು 120 ವೋಲ್ಟ್.

ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಿ ಮರೆಯಬೇಡಿ. ಮಾರ್ಚ್ ಏಪ್ರಿಲ್‌ನಲ್ಲಿ ಹಂಚಿನ ಕೆಳಗಿನ ಕಾವು ಬ್ಯಾಟರಿಗೆ ಒಳ್ಳೆಯದಲ್ಲ. ಅರ್ಧದಷ್ಟು ಚಾರ್ಜ್ ಮಾಡಿ, ತಂಪಾದ, ಒದ್ದೆಯಿಲ್ಲದ ಕೋಣೆಯಲ್ಲಿಡಿ. ಮೂರು ತಿಂಗಳಿಗೊಮ್ಮೆ ತೆಗೆದು ಬಳಸಿ ಮತ್ತೆ ಚಾರ್ಜ್ ಮಾಡಿ. ಪೂರ್ತಿ ಖಾಲಿ ಮಾಡಿ ಇಟ್ಟ ಬ್ಯಾಟರಿ ಜೂನ್‌ನಲ್ಲಿ ಏಳದೇ ಹೋಗಬಹುದು.

ಇನ್ನೊಂದು ಮಾತು. ಕೆಟ್ಟರೆ ರಿಪೇರಿ ಎಲ್ಲಿ ಎಂದು ಹಣ ಕೊಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಇಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ಕೊರಿಯರಿನವರು ಸುಲಭಕ್ಕೆ ಒಪ್ಪುವುದಿಲ್ಲ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದ್ದರೆ ಬಸ್ಸಿನಲ್ಲಿ ಒಯ್ಯುವುದು ಬೇಡ, ವಾಹನ ಮಾಡಿಕೊಂಡು ನೀವೇ ಒಯ್ಯಬೇಕಾಗುತ್ತದೆ. ಮನೆಗೇ ಬಂದು ತೆಗೆದುಕೊಂಡು ಹೋಗುವ ವ್ಯವಸ್ಥೆ ಇರುವ ಕಂಪನಿಯಾದರೆ ಎರಡು ಸಾವಿರ ರೂಪಾಯಿ ಜಾಸ್ತಿ ಕೊಟ್ಟರೂ ಅಡ್ಡಿಯಿಲ್ಲ.